ಭಯ, ತ್ರಾಸ, ಸಂಸ್ಕಾರ: ಮೂಷಿಕಪರೀಕ್ಷೆಗಳ ಪರಿಭಾಷೆಯ ವಿಮರ್ಶೆ

ರಸಪ್ರತೀತಿಯನ್ನು ವಿವರಿಸುವಲ್ಲಿ ಭಯಾನಕಕ್ಕೆ ಅಭಿನವಗುಪ್ತಾಚಾರ್ಯನು ಆರಿಸಿಕೊಂಡ ಉದಾಹರಣೆ ಮನುಷ್ಯನದಲ್ಲ; ಶಾಕುಂತಲದ ಪ್ರಥಮಾಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯದು. ಆದಕಾರಣ ಭಯದ ವಿಚಾರವನ್ನು ಪ್ರಾಣಿಯ ಮುಖದಿಂದ ನಡೆಸುವುದು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಅಪೂರ್ವವೇನೂ ಅಲ್ಲ. ಈಗಿನ ವಿಜ್ಞಾನಿಗಳು ಜಿಂಕೆಯ ಸ್ಥಾನದಲ್ಲಿ ಇಲಿಯನ್ನಿರಿಸಿದ್ದಾರೆ. ಒಂದು ನಾದವನ್ನು ಕೇಳಿಸಿ, ಅದರೊಡನೆಯೇ ಇಲಿಯ ಕಾಲಿಗೆ ವಿದ್ಯುತ್ತಿನ ಆಘಾತವನ್ನು ಕೊಡುವರು. ಹೀಗೆ ಕೆಲವು ಸಲ ಆದ ಮೇಲೆ ನಾದವೊಂದನ್ನೇ ಕೇಳಿದರೂ ಇಲಿಯು ಕದಲದೆ ನಿಂತುಬಿಡುವುದು. ಭರತನ ಎಂಟು ಸಾತ್ತ್ವಿಕಭಾವಗಳಲ್ಲಿ ಮೊದಲನೆಯದಾದ ಸ್ತಂಭವು ನೆನಪಿಗೆ ಬಾರದಿರದು.

ವಿವಾದವಿರುವುದು ಹೆಸರಿನಲ್ಲಿ. ಸ್ತಂಭವನ್ನು ಕಂಡು ‘ಇಲಿಗೆ ಭಯವಾಯಿತು’ ಎಂದು ಬರೆಯುವ ವಾಡಿಕೆ ಬೆಳೆದಿದೆ. ಅನುಭಾವದಿಂದ ಭಾವವನ್ನು ಊಹಿಸುವ ಕ್ರಮವು ಶಾಸ್ತ್ರಸಮ್ಮತವೇ. ಆದರೆ ಸ್ತಂಭವು ಹರ್ಷದಲ್ಲಿಯೂ ವಿಸ್ಮಯದಲ್ಲಿಯೂ ಉಂಟೆಂದು ಭರತನೇ ಹೇಳಿರುವನು. ಈ ಪರೀಕ್ಷೆಗಳಲ್ಲಿಯೇ ಪ್ರಸಿದ್ಧರಾದ ಅಮೆರಿಕದ ಜೋಸೆಫ್ ಲೆಡೂ ಅವರು 2014ರಲ್ಲಿ, ಇದಕ್ಕೆ ಭಯದ ಹೆಸರನ್ನು ಬಿಟ್ಟು ಅಪಾಯದ ಹೆಸರನ್ನು ಕೊಡುವುದೇ ಯುಕ್ತವೆಂದು ವಾದಿಸಿದರು. ಇದು ಬರಿಯ ಶಬ್ದಕಲಹವಲ್ಲ. ಇಲಿಯ ಸ್ತಂಭವನ್ನು ಬಿಡಿಸಿದ ಔಷಧವು ಮನುಷ್ಯನ ಅಂಜಿಕೆಯನ್ನೂ ಬಿಡಿಸೀತೆಂಬ ನಂಬಿಕೆಯು ಈ ಹೆಸರನ್ನೇ ಆಧರಿಸಿ ನಿಂತಿದೆ.

ಸವಣೂರಿನ ಎಲೆತೋಟದಲ್ಲಿ ಬಳ್ಳಿ ಕಟ್ಟುವವನೊಬ್ಬನು ಕಾಲಬಳಿ ಹಾವನ್ನು ಕಂಡು ಬೆಚ್ಚಿದನೆನ್ನೋಣ. ಅದು ತ್ರಾಸ, ವ್ಯಭಿಚಾರಿಭಾವ. ಎಷ್ಟೋ ದಿನಗಳ ಮೇಲೆ ನೆಲದಲ್ಲಿ ಬಿದ್ದ ಹಗ್ಗದ ತುಂಡನ್ನು ಕಂಡರೂ ಅವನ ಕೈ ನಿಂತುಹೋದರೆ, ಅದನ್ನು ಸ್ಥಾಯಿಯಾದ ಭಯವೆನ್ನಲು ಮನಸ್ಸು ಹಾರೈಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ನಡೆದ ಕೆಲಸವು ಈ ಭೇದವನ್ನೇ ಮುಂದಿಡುತ್ತದೆ. ರೂಪ್ಶಿ ಮಿತ್ರಾ, ಸುಮಂತ್ರ ಚಟರ್ಜಿ ಮೊದಲಾದವರು 2005ರಲ್ಲಿ ಪ್ರಕಟಿಸಿದಂತೆ, ಇಲಿಯನ್ನು ಒಂದೇ ಸಲ 2 ಗಂಟೆ ಅಲುಗದಂತೆ ಬಂಧಿಸಿ ಬಿಟ್ಟಾಗ, ಅಮಿಗ್ಡಲವೆಂಬ ಮಿದುಳಿನ ಬಾದಾಮಿಯಾಕಾರದ ಭಾಗದಲ್ಲಿ ಮರುದಿನ ವ್ಯತ್ಯಾಸವೇನೂ ಇರಲಿಲ್ಲ. 10 ದಿನಗಳ ಮೇಲೆ ನೋಡಲು, ಅಲ್ಲಿಯ ನರಕೋಶಗಳ ಕವಲುಗಳಲ್ಲಿ ಮುಳ್ಳಿನಂಥ ಮೊಳಕೆಗಳು ಹೆಚ್ಚಿದ್ದವು. ಇಲಿಯ ಅಳುಕೂ ಹೆಚ್ಚಿತ್ತು. ಅದೇ ಕೇಂದ್ರದ 2004ರ ಪ್ರಬಂಧದಲ್ಲಿ, ದಿನಕ್ಕೆ 2 ಗಂಟೆಯಂತೆ 10 ದಿನ ಬಂಧಿತವಾದ ಇಲಿಗಳಿಗೆ 21 ದಿನಗಳ ವಿಶ್ರಾಂತಿಯನ್ನಿತ್ತರೂ ಅಮಿಗ್ಡಲದ ಬೆಳವಣಿಗೆ ಇಳಿಯಲಿಲ್ಲ. ಬಂಧನ ಮುಗಿದಿತ್ತು, ಫಲ ಮುಗಿದಿರಲಿಲ್ಲ.

ಆದರೂ ಇದನ್ನು ಸ್ಥಾಯಿಯೆಂದುಬಿಡುವುದು ಅವಸರದ ಮಾತು. ಸ್ಥಾಯಿತ್ವವು ಪ್ರಾಧಾನ್ಯದಿಂದ ಬರುವುದೇ ಹೊರತು ದಿನಗಳ ಎಣಿಕೆಯಿಂದಲ್ಲ. ಈ ಚಿತ್ತವೃತ್ತಿಗಳ ವಾಸನೆಯಿಲ್ಲದ ಪ್ರಾಣಿಯೇ ಇಲ್ಲವೆಂದು ಅಭಿನವಗುಪ್ತನು ಹೇಳುವುದು ನಿಜ. ಆದರೆ ಅವನ ವಾಸನೆ ಹುಟ್ಟಿನೊಡನೆ ಬಂದದ್ದು, ಬೆಂಗಳೂರಿನ ಇಲಿಯದು ಎರಡು ಗಂಟೆಯ ಬಂಧನದಿಂದ ಆದದ್ದು. ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವುದನ್ನು ನೈಯಾಯಿಕರು ಸಂಸ್ಕಾರವೆಂದರು. ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಆ ಕ್ಷಣದ ಬೆಚ್ಚನ್ನು ತ್ರಾಸವೆಂದೂ, ಮಿದುಳಿನಲ್ಲಿ ಉಳಿದದ್ದನ್ನು ಸಂಸ್ಕಾರವೆಂದೂ ಹೇಳುವುದು ಲೇಸು. ಭಯವೆಂಬ ಮಾತನ್ನು, ಕೈ ಏಕೆ ನಿಂತಿತೆಂದು ಕೇಳಿದರೆ ಬಾಯಿಬಿಟ್ಟು ಹೇಳಬಲ್ಲ ಎಲೆತೋಟದವನಿಗೆ ಉಳಿಸಬೇಕು.