ರೋಗಿಯ ಮಾತು, ವೈದ್ಯರ ಮಾತು

ಮನೋರೋಗಿಗಳನ್ನು ಕುರಿತು ವೈದ್ಯರು ಬರೆದ ಗ್ರಂಥಗಳು ಹೇರಳವಾಗಿವೆ. ಆದರೆ ವೈದ್ಯರೂ ರೋಗಿಯೂ ಜೊತೆಗೂಡಿ, ಒಂದೇ ಅನುಭವವನ್ನು ತಮ್ಮ ತಮ್ಮ ಮಾತಿನಲ್ಲಿ ನಿರೂಪಿಸಿದ ಕೃತಿಗಳು ವಿರಳ. ಹುಚ್ಚಿನ ಹಾದಿಯ ಪಯಣವೊಂದರ ಎರಡು ವೃತ್ತಾಂತಗಳೆಂದು ತನ್ನನ್ನು ಕರೆದುಕೊಳ್ಳುವ, 1971ರಲ್ಲಿ ಪ್ರಕಟವಾದ ಮೇರಿ ಬಾರ್ನ್ಸ್ ಹಾಗೂ ಜೋಸೆಫ್ ಬರ್ಕ್ ಅವರ ಇಂಗ್ಲಿಷ್ ಪುಸ್ತಕ ಅಂಥದ್ದು. ಮನೆಯಲ್ಲಿ ಇಂತಹ ಕಾಯಿಲೆಯನ್ನು ಕಂಡ ಓದುಗರೇ, ಇದನ್ನು ನೀವು ಸಹಾನುಭೂತಿಯಿಂದಲೂ ಎಚ್ಚರದಿಂದಲೂ ಓದಬೇಕು.

ಕಥೆ ನಡೆಯುವುದು ಪೂರ್ವ ಲಂಡನ್ನಿನ ಕಿಂಗ್ಸ್‌ಲಿ ಹಾಲ್‌ನಲ್ಲಿ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಗಾಂಧೀಜಿ ತಂಗಿದ್ದ ಕಟ್ಟಡವೇ ಅದು. 1965ರಲ್ಲಿ ಮನೋವೈದ್ಯ ಆರ್. ಡಿ. ಲ್ಯಾಂಗ್ ಮತ್ತು ಸಂಗಡಿಗರು ಅಲ್ಲಿ ಹೊಸ ಬಗೆಯ ವಾಸಕ್ಕೆ ನಾಂದಿ ಹಾಡಿದರು. ಬೀಗವಿಲ್ಲ, ಬಲವಂತದ ಔಷಧವಿಲ್ಲ. ವೈದ್ಯರೂ ರೋಗಿಗಳೂ ಒಂದೇ ಸೂರಿನಡಿ ಸರಿಸಮಾನರಾಗಿ ಬಾಳಬೇಕೆಂಬುದು ಅವರ ಆಶಯ.

ಅಲ್ಲಿಗೆ ಬಂದ ಮೇರಿ ವೃತ್ತಿಯಿಂದ ದಾದಿ, ತಾವೇ ಆರಿಸಿಕೊಂಡು ಕಥೋಲಿಕರಾದವರು. ಸ್ಕಿಜೋಫ್ರೇನಿಯಾ ರೋಗಿಯೆಂದು ಹಿಂದೆ ಆಸ್ಪತ್ರೆ ಸೇರಿದ್ದವರು. ನಲವತ್ತು ದಾಟಿದ ಆ ಮಹಿಳೆ ಕಿಂಗ್ಸ್‌ಲಿ ಹಾಲ್‌ನಲ್ಲಿ ಎಳೆಯ ಕೂಸಾದರು. ಬಾಟಲಿಯ ಹಾಲು ಕುಡಿದರು, ಗೋಡೆಗೆ ಮಲ ಬಳಿದರು. ಸಹವಾಸಿಗಳು ದುರ್ವಾಸನೆಗೆ ರೋಸಿಹೋದರು. ಬರ್ಕ್ ಮಾತ್ರ ಹಾಲುಣಿಸಿದರು, ಬಣ್ಣದ ಕಡ್ಡಿಗಳನ್ನು ಕೈಗಿತ್ತರು. ಮಲ ಬಳಿದ ಕೈಯೇ ಕ್ರಿಸ್ತರ ಶಿಲುಬೆಯನ್ನು ಚಿತ್ರಿಸಿತು. 1969ರಲ್ಲಿ ಲಂಡನ್ನಿನಲ್ಲಿ ಆ ಚಿತ್ರಗಳ ಪ್ರದರ್ಶನ ನಡೆಯಿತು.

ಮೇರಿಯವರು ಬರೆದ ಭಾಗಗಳೇ ಪುಸ್ತಕದ ಜೀವಾಳ. ಅವರು ಕರುಣೆ ಬೇಡುವುದಿಲ್ಲ, ತಮ್ಮ ಹಟವನ್ನೂ ಕೋಪವನ್ನೂ ಮರೆಮಾಚುವುದಿಲ್ಲ. ಬರ್ಕ್ ಅವರ ಸಹನೆ ದೊಡ್ಡದು. ಆದರೆ ಅವರ ವಿವರಣೆ ಪದೇ ಪದೇ ತಂದೆತಾಯಿಯರ ಕಡೆಗೇ ಬೆರಳು ತೋರಿಸುತ್ತದೆ. ಮೇರಿಯವರ ಸೋದರನಿಗೂ ಇದೇ ಕಾಯಿಲೆಯಿತ್ತು. ಒಂದೇ ಮನೆಯ ಇಬ್ಬರು ಮಕ್ಕಳು ಅಸ್ವಸ್ಥರಾದರೆ ಸಾಕಿದ ರೀತಿಯೇ ಕಾರಣವಾಗಬೇಕೆ? ಅನುವಂಶೀಯತೆಯೂ ಇರಬಹುದಲ್ಲವೆ? ಇಂದಿನ ವಿಜ್ಞಾನವು ಅನುವಂಶೀಯತೆ, ಮೆದುಳಿನ ಬೆಳವಣಿಗೆ, ಬದುಕಿನ ಆಘಾತಗಳು, ಇವೆಲ್ಲವನ್ನೂ ಒಟ್ಟಾಗಿ ಪರಿಗಣಿಸುತ್ತದೆ. 'ನಾವೇನು ತಪ್ಪು ಮಾಡಿದೆವು?' ಎಂದು ನಿದ್ದೆಗೆಟ್ಟ ತಾಯಿಯ ತಲೆಯ ಮೇಲೆ ಇನ್ನೊಂದು ಅಪರಾಧವನ್ನು ಹೊರಿಸುವುದು ನ್ಯಾಯವಲ್ಲ. ಒಬ್ಬರು ಹೀಗೆ ಚೇತರಿಸಿಕೊಂಡರೆಂದು ಔಷಧಗಳನ್ನು ನಿಲ್ಲಿಸುವುದಂತೂ ಅಪಾಯಕರ. ಕಿಂಗ್ಸ್‌ಲಿ ಹಾಲ್‌ನ ಆ ಪ್ರಯೋಗವೇ 1970ರಲ್ಲಿ ಕೊನೆಗೊಂಡಿತು.

ಹಾಗಾದರೆ ಉಳಿದದ್ದೇನು? ರೋಗಿಯ ಮಾತಿಗೂ ಬೆಲೆಯುಂಟೆಂಬ ತಿಳಿವು. 1973ರಲ್ಲಿ ಲಂಡನ್ನಿನಲ್ಲಿ ಮನೋರೋಗಿಗಳು ತಮ್ಮದೇ ಸಂಘವನ್ನು ಕಟ್ಟಿ ಕೇಳಿದ್ದೂ ಇದನ್ನೇ. ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಕಾಯಿಲೆಯವರು ಎದುರಿಗೇ ಕುಳಿತಿದ್ದರೂ 'ರಾತ್ರಿ ನಿದ್ದೆ ಮಾಡಿದನೇ?' ಎಂದು ಪಕ್ಕದವರನ್ನು ವಿಚಾರಿಸುತ್ತೇವೆ. ಮುಂದಿನ ಸಲ ಅವರನ್ನೇ ಕೇಳೋಣ. ಉತ್ತರ ತಡವಾದರೂ ಕಾಯೋಣ.