ತಕ್ಕಡಿ ಹೇಳದ ಲೆಕ್ಕ

ಹಳೆಯ ರೈಫಲ್‌ಗಳಿಗೆ ಸೀಸದ ಗುಂಡು ಎರಕ ಹೊಯ್ದುಕೊಳ್ಳುವವರಲ್ಲಿ ಒಂದು ಮಾತು ರೂಢಿಯಲ್ಲಿದೆ: ಭಾರದ ಗುಂಡಿಗೆ ಬಿಗಿ ತಿರುವು, ಹಗುರದ್ದಕ್ಕೆ ಸಡಿಲ ತಿರುವು. ಹೆಚ್ಚಿನ ಸಲ ಇದರಿಂದ ಕೆಲಸ ಸಾಗುತ್ತದೆ, ಆದರೆ ಅದರ ಹಿಂದಿನ ತರ್ಕ ತಪ್ಪು. ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಗಿರ್ರನೆ ತಿರುಗಿಸುವುದು ಅದು ಗಾಳಿಯಲ್ಲಿ ಮಗುಚದಿರಲಿ ಎಂದು. ಗುಂಡು ಉದ್ದವಾದಷ್ಟೂ ಗಾಳಿಗೆ ಅದನ್ನು ಮಗುಚುವುದು ಸಲೀಸು. ವೂಲಿಚ್‌ನಲ್ಲಿ ಫಿರಂಗಿ ದಳದ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರ ಕೇಳುವುದೂ ಉದ್ದವನ್ನೇ: ಇಂಚಿನಲ್ಲಿ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ, ಎಷ್ಟು ಇಂಚಿಗೆ ಒಂದು ಸುತ್ತು ಬೇಕೆಂಬುದು ಸಿಗುತ್ತದೆ.

ಅಮೆರಿಕದ ಸೇನೆಯ .45-70 ಸ್ಪ್ರಿಂಗ್‌ಫೀಲ್ಡ್‌ನಲ್ಲಿ 22 ಇಂಚಿಗೊಂದು ಸುತ್ತು. .458 ಇಂಚಿನ ಗುಂಡಿಗೆ ಲೆಕ್ಕ ಹಾಕಿದರೆ 1.43 ಇಂಚು ಉದ್ದದವರೆಗೆ ಅದು ತಾಳುತ್ತದೆ, ಸುಮಾರು 1.3 ಇಂಚಿನ, 500 ಗ್ರೇನ್ ತೂಕದ ಗುಂಡಿಗೆ ಧಾರಾಳವಾಯಿತು. ವಿಂಚೆಸ್ಟರ್ 1886ರ .45-90 ಮಾದರಿಯಲ್ಲಿ ಬಾಯಿ ಅಷ್ಟೇ, ಸುತ್ತು ಮಾತ್ರ 32 ಇಂಚಿಗೊಂದು. ಮಿತಿ ಒಂದು ಇಂಚನ್ನೂ ಮುಟ್ಟುವುದಿಲ್ಲ. 300 ಗ್ರೇನ್ ಗುಂಡಿಗೆಂದೇ ಮಾಡಿದ ನಳಿಗೆ ಅದು. ಅದರಲ್ಲಿ 500 ಗ್ರೇನ್ ಹಾರಿಸಿದರೆ ಗುರಿಹಾಳೆಯಲ್ಲಿ ದುಂಡು ತೂತಿನ ಬದಲು ಅಡ್ಡಬಿದ್ದ ಗುಂಡಿನ ಅಚ್ಚೇ ಮೂಡಬಹುದು. ಇದು ತೂಕದ ಪರವಾದ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಅಲ್ಲ. ಒಂದೇ ಅಚ್ಚಿನಲ್ಲಿ ಒಮ್ಮೆ ಶುದ್ಧ ಸೀಸ, ಇನ್ನೊಮ್ಮೆ ಮುದ್ರಣಾಲಯದ ಲೈನೋಟೈಪ್ ಲೋಹ ಹೊಯ್ದು ನೋಡಿ. ಎರಡನೆಯದು ಸುಮಾರು ಶೇ. 7ರಷ್ಟು ಹಗುರ, ಉದ್ದ ಹೆಚ್ಚುಕಡಿಮೆ ಅಷ್ಟೇ. ರೂಢಿಯ ಮಾತು ನಿಜವಾಗಿದ್ದರೆ ಅದಕ್ಕೆ ಸಡಿಲ ತಿರುವು ಸಾಕಿತ್ತು. ವಾಸ್ತವದಲ್ಲಿ ಸಾಂದ್ರತೆ ಕಡಿಮೆಯಾದ ಗುಂಡಿಗೇ ತುಸು ಬಿಗಿ ಬೇಕು.

ಗಟ್ಟಿ ಆಕ್ಷೇಪ ಬರುವುದು ಎನ್‌ಫೀಲ್ಡ್‌ನಿಂದ. 1857ರ ಸಿಪಾಯಿಗಳು ಯಾವುದರ ತೋಟಾ ಕಚ್ಚಲು ಒಲ್ಲೆವೆಂದರೋ ಆ ಕೋವಿಯಲ್ಲಿ 78 ಇಂಚಿಗೊಂದೇ ಸುತ್ತು. ಗ್ರೀನ್‌ಹಿಲ್ ಲೆಕ್ಕದಲ್ಲಿ .577 ಇಂಚಿನ ಗುಂಡು 0.64 ಇಂಚು ಮೀರಬಾರದು. ಸೇನೆಯ ಗುಂಡು ಒಂದು ಇಂಚಿನ ಆಸುಪಾಸಿನದು. ಆದರೂ ಅದು ನೆಟ್ಟಗೆ ಹಾರಿತು. ಬುಡ ಟೊಳ್ಳಾಗಿದ್ದುದರಿಂದ ಭಾರವೆಲ್ಲ ಮೂತಿಯ ಕಡೆ ಸರಿದು, ಗಾಳಿಯ ಮಗುಚುವ ಹಿಡಿತ ಸಡಿಲವಾಗಿತ್ತು. ಸೂತ್ರ ಗಟ್ಟಿ ಗುಂಡಿನದು, ಎನ್‌ಫೀಲ್ಡ್ ಅದನ್ನು ಸುಳ್ಳಾಗಿಸುವುದಿಲ್ಲ. ಅದೇ 1857ರಲ್ಲಿ 20 ಇಂಚಿಗೊಂದು ಸುತ್ತಿನ ವಿಟ್‌ವರ್ತ್ ರೈಫಲ್ ಹೆಚ್ಚುಕಡಿಮೆ ಅಷ್ಟೇ ತೂಕದ, ಆದರೆ ಸಪೂರವೂ ನೀಳವೂ ಆದ ಗುಂಡಿನಿಂದ ದೂರದ ಗುರಿಗಳಲ್ಲಿ ಎನ್‌ಫೀಲ್ಡನ್ನು ಹಿಂದಿಕ್ಕಿತು.

ಹಾಗಾದರೆ ಎಲ್ಲಕ್ಕೂ ಬಿಗಿ ತಿರುವೇ ಇರಲಿ ಎಂದರೆ ಸೀಸ ಒಪ್ಪುವುದಿಲ್ಲ. 200 ಮಿಲಿಮೀಟರಿಗೊಂದು ಸುತ್ತಿನ ಸ್ವೀಡಿಷ್ ಮೌಸರ್‌ನಲ್ಲಿ ವೇಗ ಏರಿಸಿದರೆ ಮೆದು ಗುಂಡು ಗೀರುಗಳಲ್ಲಿ ಜಾರುತ್ತದೆ, ಎರಕದ ಸಣ್ಣ ಗುಳ್ಳೆಯೂ ಗುರಿ ಕೆಡಿಸುತ್ತದೆ. ಆದ್ದರಿಂದ ಮೊದಲು ಒರೆಸುವ ಸರಳಿಗೆ ಬಟ್ಟೆ ಬಿಗಿದು ನಳಿಗೆಯೊಳಗೆ ನೂಕಿ, ಸರಳು ಒಂದು ಸುತ್ತು ತಿರುಗಲು ಎಷ್ಟು ಇಂಚು ಒಳಹೋಯಿತೆಂದು ಅಳೆಯಿರಿ. ಆ ಅಳತೆಗೆ ಒಗ್ಗುವ ಉದ್ದದ ಅಚ್ಚು ಕೊಂಡರೆ ಸಾಕು. ಎಷ್ಟು ಗ್ರೇನ್ ಎಂಬುದನ್ನು ಮದ್ದು ಅಳೆಯುವಾಗ ನೋಡಿಕೊಂಡರಾಯಿತು.