ಶೋಕಸ್ಥಾನದ ಪುನರ್ನಿರ್ಮಾಣವೂ ಲೋಕಮತವೂ

ವಿಮರ್ಶೆಯೆಂಬುದು ಕಾವ್ಯನಾಟಕಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ಬಹುಮಂದಿ ಭಾವಿಸಿರುವರು. ಆದರೆ ಕಲ್ಲು, ಉಕ್ಕು, ನೀರು, ಬಯಲು ಇವುಗಳಿಂದಲೂ ಮನುಷ್ಯನು ತನ್ನ ಭಾವವನ್ನು ಪ್ರಕಟಿಸುವನಾದುದರಿಂದ, ಕಟ್ಟಡವೂ ಸಹೃದಯನ ಪರೀಕ್ಷೆಗೆ ಒಳಪಡತಕ್ಕ ಕೃತಿಯೇ ಸರಿ. ಅದರಲ್ಲಿಯೂ, ಬಹುಜನರು ಅಕಾಲಮರಣಕ್ಕೆ ತುತ್ತಾದ ನೆಲದ ಮೇಲೆ ಮರಳಿ ಏನನ್ನು ಕಟ್ಟಬೇಕೆಂಬ ಪ್ರಶ್ನೆ ಬಂದಾಗ, ಅದು ಶಿಲ್ಪಶಾಸ್ತ್ರದ ಪ್ರಶ್ನೆಯಾಗಿ ನಿಲ್ಲದೆ ರಸದ ಪ್ರಶ್ನೆಯೂ ಔಚಿತ್ಯದ ಪ್ರಶ್ನೆಯೂ ಆಗುತ್ತದೆ. ಅದನ್ನು ನಿರ್ಣಯಿಸತಕ್ಕವರು ಯಾರು? ನೆಲದ ಒಡೆಯರೇ, ಬಲ್ಲ ಶಿಲ್ಪಿಗಳೇ, ಮಡಿದವರ ಬಂಧುಗಳೇ, ಅಥವಾ ಊರಿನ ಸಮಸ್ತ ಜನರೇ? ನ್ಯೂಯಾರ್ಕ್ ನಗರದ ವರ್ಲ್ಡ್ ಟ್ರೇಡ್ ಸೆಂಟರ್ ನಿವೇಶನದ ವೃತ್ತಾಂತವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಲೇಖಕನು ಆ ನಗರವನ್ನು ಕಣ್ಣಾರೆ ಕಂಡವನಲ್ಲ. ನಕಾಶೆಗಳು, ಚಿತ್ರಪಟಗಳು, ಪ್ರಕಟವಾಗಿರುವ ವೃತ್ತಾಂತಗಳು, ಇವೇ ಇಲ್ಲಿ ಆಧಾರ.

2001ನೆಯ ಇಸವಿ ಸೆಪ್ಟೆಂಬರ್ 11ರಂದು, ಅಪಹೃತವಾದ ಎರಡು ವಿಮಾನಗಳು ಅಲ್ಲಿನ ಜೋಡಿಗೋಪುರಗಳಿಗೆ ಅಪ್ಪಳಿಸಿದುದೂ, 110 ಅಂತಸ್ತುಗಳ ಆ ಎರಡು ಸೌಧಗಳೂ ಎರಡು ಗಂಟೆಗಳೊಳಗೆ ಕುಸಿದುದೂ, ಆ ನಗರವೊಂದರಲ್ಲಿಯೇ 2753 ಮಂದಿ ಮಡಿದುದೂ ಸರ್ವವಿದಿತ. ಅವರಲ್ಲಿ ಸುಮಾರು 1100 ಮಂದಿಯ ದೇಹಾವಶೇಷಗಳು ಇಂದಿಗೂ ಗುರುತು ಹತ್ತಿಲ್ಲ. ಆದಕಾರಣ ಆ 16 ಎಕರೆಯ ನೆಲವು ಬಂಧುಗಳ ಪಾಲಿಗೆ ರುದ್ರಭೂಮಿ. ಇನ್ನೊಂದು ದೃಷ್ಟಿಯಿಂದ ಅದೇ ನೆಲವು ಪೇಟೆ. ಅದರ ಒಡೆತನ ಪೋರ್ಟ್ ಅಥಾರಿಟಿಯೆಂಬ ಸಾರ್ವಜನಿಕ ಸಂಸ್ಥೆಯದು. ದುರಂತಕ್ಕೆ ಏಳು ವಾರಗಳ ಮುಂಚೆಯಷ್ಟೇ ಲ್ಯಾರಿ ಸಿಲ್ವರ್‌ಸ್ಟೀನ್ ಎಂಬ ವರ್ತಕರು ಗೋಪುರಗಳನ್ನು 99 ವರ್ಷಗಳ ಗುತ್ತಿಗೆಗೆ ಪಡೆದಿದ್ದರು. ನಾಶವಾದ ಸುಮಾರು ಒಂದು ಕೋಟಿ ಚದರಡಿ ಕಚೇರಿಯ ಜಾಗವನ್ನು ಮರಳಿ ಕಟ್ಟುವ ಹಕ್ಕು ಆ ಗುತ್ತಿಗೆಯಿಂದ ತಮಗಿದೆಯೆಂದು ಅವರು ವಾದಿಸಿದರು. ಒಂದೇ ನೆಲವು ರುದ್ರಭೂಮಿಯೂ ಪೇಟೆಯೂ ಆದುದೇ ಮುಂದಿನ ಕಲಹಕ್ಕೆಲ್ಲ ಮೂಲ.

ಆ ಸ್ಥಳದಲ್ಲಿ ಲೋಕಮತದ ಪ್ರಶ್ನೆ ಅದೇ ಮೊದಲ ಸಲ ಹುಟ್ಟಿದುದೂ ಅಲ್ಲ. 1960ರ ದಶಕದಲ್ಲಿ ಗೋಪುರಗಳಿಗಾಗಿ ನೆಲವನ್ನು ತೆರವು ಮಾಡಿದಾಗ, ರೇಡಿಯೋ ರೋ ಎಂಬ ಬೀದಿಯ ನೂರಾರು ಸಣ್ಣ ಅಂಗಡಿಗಳು ಎತ್ತಂಗಡಿಯಾದುವು. ಅಂಗಡಿಯವರು ನ್ಯಾಯಾಲಯಕ್ಕೆ ಹೋಗಿಯೂ ಸೋತರು. ಮಿನೋರು ಯಮಸಾಕಿಯವರು ರಚಿಸಿದ ಗೋಪುರಗಳು 1973ರಲ್ಲಿ ಪ್ರಾರಂಭೋತ್ಸವವನ್ನು ಕಂಡಾಗ ವಾಸ್ತುವಿಮರ್ಶಕರಲ್ಲಿ ಅನೇಕರು ಅವನ್ನು ಹಳಿದರು. ಬಿದ್ದ ಮೇಲೆ ಅವುಗಳೇ ನಗರದ ಮುಖವೆಂದು ಜನರು ಅತ್ತರು. ಇಷ್ಟರಿಂದಲೇ ಲೋಕಮತವು ಚಂಚಲವೆಂದು ತಳ್ಳಿಹಾಕುವುದು ಸರಿಯಲ್ಲ. ಕಳೆದುಕೊಂಡ ವಸ್ತುವಿನ ಬೆಲೆ ಕಳೆದ ಮೇಲೆ ತಿಳಿಯುವುದು ಮನುಷ್ಯಸ್ವಭಾವ.

ದುರಂತದ ಮರುವರ್ಷ ನಾಲ್ಕು ಬಗೆಯ ಅಭಿಪ್ರಾಯಗಳು ಕೇಳಿಬಂದುವು. ಇಡೀ ನೆಲವೇ ಸ್ಮಾರಕವಾಗಲೆಂಬುದು ಮೊದಲನೆಯದು; ಆಗಿನ ಮೇಯರ್ ರುಡಾಲ್ಫ್ ಗಿಯುಲಿಯಾನಿಯವರು ಅಧಿಕಾರ ಬಿಡುವ ಸಮಯದಲ್ಲಿ ಇದನ್ನೇ ಹೇಳಿದರು. ಬಿದ್ದ ಗೋಪುರಗಳನ್ನು ಹಾಗೆಯೇ ಎತ್ತಿ ನಿಲ್ಲಿಸಿದರೆ ಮಾತ್ರ ಶತ್ರುವಿಗೆ ತಕ್ಕ ಉತ್ತರವೆಂಬುದು ಎರಡನೆಯದು. ವ್ಯಾಪಾರವು ಮೊದಲಿನಂತೆ ನಡೆಯಬೇಕೆಂಬುದು ಮೂರನೆಯದು. ಜನವಸತಿಯೂ ಬೀದಿಗಳೂ ಸಂಗೀತನಾಟಕಗಳೂ ಕೂಡಿದ ಜೀವಂತವಾದ ಪೇಟೆಯೊಂದು ಅಲ್ಲಿ ಬೆಳೆಯಲೆಂಬುದು ನಾಲ್ಕನೆಯದು. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದರ ಸ್ಥಾಯಿ ಶೋಕ, ಎರಡನೆಯದರ ಸ್ಥಾಯಿ ಉತ್ಸಾಹ. ಮೂರನೆಯದರಲ್ಲಿ ರಸವಿಲ್ಲ, ಲೆಕ್ಕವಿದೆ. ನಾಲ್ಕನೆಯದು ಶೋಕವನ್ನು ದಾಟಿ ಬದುಕನ್ನು ಬಯಸಿತು. ಯಾವುದೂ ತಿರಸ್ಕಾರಕ್ಕೆ ಯೋಗ್ಯವಲ್ಲ. ಆದರೆ ನಾಲ್ಕನ್ನೂ ಒಂದೇ ಪಾತ್ರೆಯಲ್ಲಿ ಸುರಿದರೆ ರಸಭಂಗವಾಗದೆ ಇರದು.

2002ರ ಜುಲೈ 16ರಂದು ಪೋರ್ಟ್ ಅಥಾರಿಟಿಯೂ, ಪುನರ್ನಿರ್ಮಾಣಕ್ಕೆಂದು ನೇಮಕವಾಗಿದ್ದ ಲೋವರ್ ಮ್ಯಾನ್‌ಹಟನ್ ಡೆವಲಪ್‌ಮೆಂಟ್ ಕಾರ್ಪೊರೇಷನ್ನೂ ಆರು ನಕಾಶೆಗಳನ್ನು ಪ್ರಕಟಿಸಿದುವು. ನಾಲ್ಕು ದಿನಗಳ ತರುವಾಯ ಜಾವಿಟ್ಸ್ ಸೆಂಟರ್ ಎಂಬ ವಿಶಾಲ ಭವನದಲ್ಲಿ 4000ಕ್ಕೂ ಹೆಚ್ಚು ಮಂದಿ ನೆರೆದರು. ಮೇಜಿಗೆ ಹತ್ತು ಜನರಂತೆ ಕುಳಿತು ದಿನವಿಡೀ ಚರ್ಚಿಸಿ, ತಮ್ಮ ಒಮ್ಮತವನ್ನೂ ಭಿನ್ನಮತವನ್ನೂ ಯಂತ್ರದ ಮೂಲಕ ದಾಖಲಿಸಿದರು. ಬಂಧುಗಳೂ, ಬದುಕಿ ಉಳಿದವರೂ, ನೆರೆಯ ನಿವಾಸಿಗಳೂ, ಕೆಲಸ ಕಳೆದುಕೊಂಡವರೂ ಆ ಸಭೆಯಲ್ಲಿದ್ದರು. ತೀರ್ಪು ಕಠೋರವಾಗಿತ್ತು: ಆರು ನಕಾಶೆಗಳೂ ನೀರಸ, ಆರರಲ್ಲಿಯೂ ಕಚೇರಿಗಳ ಒತ್ತೊತ್ತು, ಸ್ಮಾರಕಕ್ಕೆ ಉಳಿದ ಮೂಲೆಯೇ ಸ್ಥಾನ. ಅಧಿಕಾರಿಗಳು ಆ ನಕಾಶೆಗಳನ್ನು ಬದಿಗಿಟ್ಟು, ಜಗತ್ತಿನ ವಾಸ್ತುಶಿಲ್ಪಿಗಳಿಂದ ಹೊಸ ಕಲ್ಪನೆಗಳನ್ನು ಆಹ್ವಾನಿಸಬೇಕಾಯಿತು.

ಇಲ್ಲಿ ಪೂರ್ವಪಕ್ಷವೊಂದುಂಟು. "ಜನಸಮೂಹವು ಒಂದು ಕಂಬವನ್ನಾದರೂ ರಚಿಸಬಲ್ಲುದೆ? ಮಹಾಕೃತಿಗಳು ಏಕಾಂತದಲ್ಲಿ ಒಬ್ಬನ ಪ್ರತಿಭೆಯಿಂದ ಹುಟ್ಟತಕ್ಕವು, ಸಾವಿರ ಮಂದಿಯನ್ನು ಕೇಳಿ ಕಟ್ಟಿದ ಮನೆಗೆ ಬಾಗಿಲೇ ಇರದು" ಎಂದು ವಾದಿಸುವವರು ಇರುವರು. ವಾದವು ಅರ್ಧ ನಿಜ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಕಾರಯಿತ್ರೀ ಎಂದೂ ಭಾವಯಿತ್ರೀ ಎಂದೂ ಇಬ್ಬಗೆಯಾಗಿ ವಿಭಜಿಸಿರುವನು. ರಚಿಸುವ ಶಕ್ತಿ ಕವಿಯದು. ರಚಿತವಾದುದನ್ನು ಅರಿತು ಗುಣದೋಷಗಳನ್ನು ಕಾಣುವ ಶಕ್ತಿ ಭಾವಕನದು. ಜಾವಿಟ್ಸ್ ಸಭೆಯು ನಕಾಶೆಯನ್ನು ಬರೆಯಲಿಲ್ಲ. ಬರೆದ ನಕಾಶೆಯ ಅನೌಚಿತ್ಯವನ್ನು ಕಂಡುಹಿಡಿಯಿತು. ಲೋಕಮತವು ಭಾವಕ, ಕಾರಕವಲ್ಲ. ಅದರಿಂದ ಕವಿಯ ಕೆಲಸವನ್ನು ನಿರೀಕ್ಷಿಸುವುದು ತಪ್ಪು. ಭಾವಕನ ತೀರ್ಪನ್ನು ಉಪೇಕ್ಷಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಆದರೆ ಆ ಸಭೆಗೆ ಒಂದು ಪ್ರಶ್ನೆಯನ್ನು ಮಾತ್ರ ನಿರ್ಣಯಕ್ಕೆ ಬಿಟ್ಟುಕೊಡಲಿಲ್ಲ: ಒಂದು ಕೋಟಿ ಚದರಡಿಯ ಕಚೇರಿ ಅಲ್ಲಿ ಬೇಕೆ? ಅದು ಗುತ್ತಿಗೆಯ ವಿಷಯವೆಂದು ಮೊದಲೇ ಕಟ್ಟಿಟ್ಟ ಗಂಟಾಗಿತ್ತು. ಪ್ರಶ್ನೆಯ ತಿರುಳನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಸಿಪ್ಪೆಯ ವಿಷಯದಲ್ಲಿ ಜನರ ಮತವನ್ನು ಕೇಳುವುದು ಲೋಕಮತಕ್ಕೆ ಸಲ್ಲಿಸುವ ಗೌರವವಾಗಲಾರದು. ಮುಂದೆ ನಡೆದುದೂ ಇದಕ್ಕೆ ಅನುಗುಣವಾಗಿಯೇ ಇತ್ತು. 2003ರ ಫೆಬ್ರವರಿಯಲ್ಲಿ ಡೇನಿಯಲ್ ಲಿಬೆಸ್ಕಿಂಡ್ ಅವರ ವಿನ್ಯಾಸವು ಆಯ್ಕೆಯಾಯಿತು; ಕಾರ್ಪೊರೇಷನ್ನಿನ ಸಮಿತಿಯ ಒಲವು ಥಿಂಕ್ ಎಂಬ ಪ್ರತಿಸ್ಪರ್ಧಿ ತಂಡದ ಕಡೆಗಿದ್ದರೂ, ಗವರ್ನರ್ ಜಾರ್ಜ್ ಪಟಾಕಿಯವರ ಇಚ್ಛೆಯೇ ಗೆದ್ದಿತು. ತರುವಾಯ ಗುತ್ತಿಗೆದಾರರ ವಾಸ್ತುಶಿಲ್ಪಿ ಡೇವಿಡ್ ಚೈಲ್ಡ್ಸ್ ಅವರು ಮುಖ್ಯಗೋಪುರವನ್ನು ಮತ್ತೆ ಬರೆದರು. 2005ರಲ್ಲಿ ಪೊಲೀಸರ ಎಚ್ಚರಿಕೆಯ ಮೇಲೆ ಅದನ್ನು ಇನ್ನೊಮ್ಮೆ ತಿದ್ದಿ, ಬುಡವನ್ನು ಕೋಟೆಯಂತೆ ಕಾಂಕ್ರೀಟಿನಿಂದ ಬಲಪಡಿಸಿದರು. 2014ರ ನವೆಂಬರಿನಲ್ಲಿ ತೆರೆದ ಆ ಗೋಪುರದಲ್ಲಿ ಲಿಬೆಸ್ಕಿಂಡರ ಕಲ್ಪನೆಯಿಂದ ಮುಖ್ಯವಾಗಿ ಉಳಿದುದು ಒಂದು ಸಂಖ್ಯೆ: ತುದಿಯ ಕಂಬವೂ ಸೇರಿ 1776 ಅಡಿ. ಅದು ಆ ದೇಶದ ಸ್ವಾತಂತ್ರ್ಯಘೋಷಣೆಯ ಇಸವಿ. ಗೋಪುರವನ್ನು ನೋಡಿದವನಿಗೆ ಸಂಖ್ಯೆ ಕಾಣದು, ಯಾರಾದರೂ ಹೇಳಬೇಕು. ಹೇಳಿದ ಮೇಲೆ ತಿಳಿಯಲು ಬೇರೇನೂ ಉಳಿಯದು. ಆಲಂಕಾರಿಕರು ಇಂತಹುದನ್ನು ವಾಚ್ಯವೆನ್ನುವರು. ಧ್ವನಿಯ ಪದವಿಗೆ ಇದು ಏರಲಾರದು.

ಧ್ವನಿಯನ್ನು ಕಾಣಬೇಕಾದರೆ ಗೋಪುರದಿಂದ ಕಣ್ಣನ್ನು ಇಳಿಸಿ ನೆಲವನ್ನು ನೋಡತಕ್ಕದ್ದು. 2003ರಲ್ಲಿ ಸ್ಮಾರಕಕ್ಕಾಗಿ ನಡೆದ ಸ್ಪರ್ಧೆಗೆ 63 ದೇಶಗಳಿಂದ 5201 ವಿನ್ಯಾಸಗಳು ಬಂದುವು. 2004ರ ಜನವರಿಯಲ್ಲಿ ಗೆದ್ದವರು, ನಗರದ ವಸತಿಸಂಸ್ಥೆಯಲ್ಲಿ ನೌಕರಿಯಲ್ಲಿದ್ದ, ಹೆಚ್ಚು ಪ್ರಸಿದ್ಧರಲ್ಲದ ಮೈಕೇಲ್ ಅರಾದ್ ಎಂಬ ತರುಣ ವಾಸ್ತುಶಿಲ್ಪಿ. ಉದ್ಯಾನಶಿಲ್ಪಿ ಪೀಟರ್ ವಾಕರ್ ಅವರೊಡನೆ ಸೇರಿದರು. ಗೋಪುರಗಳು ನಿಂತಿದ್ದ ಎಡೆಯಲ್ಲಿಯೇ ಎರಡು ಚೌಕದ ಕೊಳಗಳು, ಒಂದೊಂದೂ ಸುಮಾರು ಒಂದು ಎಕರೆ. ಅಂಚಿನಿಂದ ನೀರು 30 ಅಡಿ ಕೆಳಕ್ಕೆ ಧುಮುಕಿ, ನಡುವಣ ಇನ್ನೊಂದು ಕುಳಿಗೆ ಜಾರಿ ಕಣ್ಮರೆಯಾಗುತ್ತದೆ. ಆ ಕುಳಿಯ ತಳವು ದಡದಲ್ಲಿ ನಿಂತವನಿಗೆ ಕಾಣಿಸದು. ಇಲ್ಲಿ ಗೋಪುರವೆಂಬ ಮಾತೇ ಇಲ್ಲ. ಗೋಪುರದ ಅಭಾವವೇ ಕೃತಿಯ ವಸ್ತು. ತುಂಬದ ಕೊಳವು ತುಂಬದ ನಷ್ಟವನ್ನು ಸೂಚಿಸುತ್ತದೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶೋಕವು ಕರುಣರಸವಾಗಿ ಪರಿಣಮಿಸುವುದು ಇಂತಹ ಸಂಯಮದಿಂದಲೇ. 2011ರ ಸೆಪ್ಟೆಂಬರ್ 11ರಂದು ಇದರ ಲೋಕಾರ್ಪಣೆಯಾಯಿತು.

ಇಷ್ಟು ಶಿಲ್ಪಿಯ ಗುಣ. ಲೋಕಮತದ ಗುಣವು ಕಾಣಬರುವುದು ಕೊಳದ ಸುತ್ತಣ ಕಂಚಿನ ಫಲಕಗಳಲ್ಲಿ. 1993ರ ಸ್ಫೋಟದಲ್ಲಿ ಅಲ್ಲಿಯೇ ಮಡಿದ ಆರು ಮಂದಿಯೂ, ಸೆಪ್ಟೆಂಬರ್ 11ರಂದು ಬೇರೆಡೆಗಳಲ್ಲಿ ಮಡಿದವರೂ ಸೇರಿ 2983 ಹೆಸರುಗಳು ಆ ಫಲಕಗಳಲ್ಲಿವೆ. ಮೃತ್ಯುವು ಯಾವ ಕ್ರಮವನ್ನೂ ನೋಡದೆ ಕೊಂದಿತಾದುದರಿಂದ ಹೆಸರುಗಳೂ ಕ್ರಮವಿಲ್ಲದೆ ಇರಲೆಂಬುದು ಅರಾದರ ಮೊದಲ ಎಣಿಕೆ. ತತ್ತ್ವದ ದೃಷ್ಟಿಯಿಂದ ಅದು ಸೊಗಸಾದ ಮಾತೇ. ಬಂಧುಗಳು ಒಪ್ಪಲಿಲ್ಲ. ಒಂದೇ ಠಾಣೆಯಿಂದ ಹೊರಟು ಒಟ್ಟಿಗೆ ಮೆಟ್ಟಿಲೇರಿದ ಅಗ್ನಿಶಾಮಕರು ಸ್ಮಾರಕದಲ್ಲಿ ಅಗಲಬೇಕೇಕೆ? ಒಂದೇ ಕಚೇರಿಯಲ್ಲಿ ಎದುರುಬದುರು ಕುಳಿತಿದ್ದವರು ಅಪರಿಚಿತರಂತೆ ನಿಲ್ಲಬೇಕೇಕೆ? ದೀರ್ಘ ವಿವಾದದ ತರುವಾಯ, ಯಾರ ಹೆಸರಿನ ಪಕ್ಕದಲ್ಲಿ ಯಾರ ಹೆಸರಿರಬೇಕೆಂದು ಬಂಧುಗಳನ್ನೇ ಕೇಳಲಾಯಿತು. ಸುಮಾರು 1200 ಕೋರಿಕೆಗಳು ಬಂದುವು. ಅವೆಲ್ಲವನ್ನೂ ಹೊಂದಿಸಿ ಹೆಸರುಗಳನ್ನು ಜೋಡಿಸಿದರು. ಅಣ್ಣನ ಪಕ್ಕದಲ್ಲಿ ತಮ್ಮನೂ, ಗೆಳೆಯನ ಪಕ್ಕದಲ್ಲಿ ಗೆಳೆಯನೂ ಇರುವಂತಾಯಿತು. ದಾರಿಹೋಕನಿಗೆ ಅದು ಬರಿಯ ಹೆಸರುಗಳ ಸಾಲು, ಬಲ್ಲವನಿಗೆ ಪ್ರತಿಯೊಂದು ಸಾಮೀಪ್ಯವೂ ಒಂದು ಕಥೆ. ಶಿಲ್ಪಿಯ ತತ್ತ್ವಕ್ಕಿಂತ ಜನರ ತಿದ್ದುಪಡಿಯೇ ಇಲ್ಲಿ ಕೃತಿಯ ಧ್ವನಿಯನ್ನು ಹೆಚ್ಚಿಸಿತೆಂಬುದು ನಮ್ಮ ನಿಶ್ಚಿತಾಭಿಪ್ರಾಯ.

ಹಾಗೆಂದು ಲೋಕಮತದ ಪ್ರತಿಯೊಂದು ಕೂಗೂ ಭಾವಕನ ತೀರ್ಪಲ್ಲ. ಸ್ವಾತಂತ್ರ್ಯದ ಚರಿತ್ರೆಯನ್ನು ನಿರೂಪಿಸುವ ಇಂಟರ್‌ನ್ಯಾಷನಲ್ ಫ್ರೀಡಂ ಸೆಂಟರ್ ಎಂಬ ವಸ್ತುಪ್ರದರ್ಶನಶಾಲೆಯೊಂದು ಸ್ಮಾರಕದ ಬಳಿ ಬರಬೇಕಾಗಿತ್ತು. ಅದರಲ್ಲಿ ದೇಶದ ದೋಷಗಳೂ ಪ್ರಸ್ತಾಪಕ್ಕೆ ಬಂದಾವೆಂಬ ಶಂಕೆಯಿಂದ ಬಂಧುಗಳಲ್ಲಿ ಕೆಲವರು ಪ್ರತಿಭಟಿಸಲು, 2005ರ ಸೆಪ್ಟೆಂಬರಿನಲ್ಲಿ ಗವರ್ನರರು ಅದನ್ನು ಕೈಬಿಡಿಸಿದರು. ಸತ್ತವರ ಸ್ಮರಣೆಯ ವಿಷಯದಲ್ಲಿ ಬಂಧುಗಳ ಮಾತು ಮೊದಲಿನದು. ಆದರೆ ಬದುಕಿರುವವರು ಏನನ್ನು ವಿಚಾರಿಸಬಹುದೆಂಬುದಕ್ಕೂ ಅದನ್ನೇ ಪ್ರಮಾಣವಾಗಿಸಿದರೆ, ಶೋಕವು ವಿಚಾರಕ್ಕೆ ಬೀಗ ಹಾಕಿದಂತಾಗುತ್ತದೆ. ಇದಕ್ಕೆ ಪ್ರತಿಯಾಗಿ, ಬಂಧುಗಳ ಮಾತನ್ನು ಕೇಳಬೇಕಾಗಿದ್ದ ಕಡೆ ಕೇಳಲಿಲ್ಲವೆಂಬ ದೂರೂ ಉಂಟು. ಗುರುತು ಹತ್ತದ ಅವಶೇಷಗಳನ್ನು 2014ರ ಮೇ ತಿಂಗಳಲ್ಲಿ ನೆಲದಾಳದ ವಸ್ತುಸಂಗ್ರಹಾಲಯದ ಆವರಣದೊಳಗೆ ಇರಿಸಿದಾಗ ಹಲವರು ಬಾಯಿಗೆ ಕಪ್ಪುಬಟ್ಟೆ ಕಟ್ಟಿಕೊಂಡು ಪ್ರತಿಭಟಿಸಿದರು. 24 ಡಾಲರುಗಳ ಪ್ರವೇಶಶುಲ್ಕವೂ, ನೆನಪಿನ ಸಾಮಾನುಗಳ ಅಂಗಡಿಯೂ ಇದ್ದ ಸ್ಥಳದಲ್ಲಿ ಅವಶೇಷಗಳು ಇರಬೇಕಾದುದು ಔಚಿತ್ಯಜ್ಞರಿಗೆ ಸಹಿಸತಕ್ಕುದಲ್ಲ.

ನಮ್ಮ ದೇಶದ ನಿದರ್ಶನವೊಂದನ್ನು ಇದರೊಡನೆ ಹೋಲಿಸಬಹುದು. ಅಮೃತಸರದ ಜಲಿಯನ್‌ವಾಲಾ ಬಾಗಿಗೆ ಹೋಗುವ ಇಕ್ಕಟ್ಟಾದ ಓಣಿಯ ಮೂಲಕವೇ 1919ರ ಏಪ್ರಿಲ್ 13ರಂದು ಸೈನಿಕರು ಒಳಹೊಕ್ಕರು. ಬೋಳುಗೋಡೆಗಳ ಆ ಇಕ್ಕಟ್ಟೇ ಅಲ್ಲಿ ನಡೆದುದನ್ನು ಧ್ವನಿಸುತ್ತಿತ್ತು. 2021ರ ನವೀಕರಣದಲ್ಲಿ ಆ ಗೋಡೆಗಳ ಮೇಲೆ ಮನುಷ್ಯರೂಪದ ಉಬ್ಬುಶಿಲ್ಪಗಳು ಬಂದುವು; ಚರಿತ್ರಕಾರರೂ ಮಡಿದವರ ವಂಶಸ್ಥರಲ್ಲಿ ಕೆಲವರೂ ಎತ್ತಿದ ಆಕ್ಷೇಪವು ಬಹುಮಟ್ಟಿಗೆ ಕೆಲಸ ಮುಗಿದ ಮೇಲಿನ ಮಾತಾಯಿತು. ಅಲ್ಲಿಯೂ ಧ್ವನಿಯ ಸ್ಥಾನವನ್ನು ವಾಚ್ಯವು ಆಕ್ರಮಿಸಿತು. ಭಾವಕನ ತೀರ್ಪನ್ನು ಕೃತಿ ಮುಗಿಯುವ ಮುನ್ನ ಕೇಳಿದ್ದರೆ ಗೋಡೆಗಳು ಬಹುಶಃ ಬರಿದಾಗಿಯೇ ಉಳಿಯುತ್ತಿದ್ದುವು.

ಇದರಿಂದ ಫಲಿಸುವ ಸಿದ್ಧಾಂತವಿಷ್ಟು. ಶೋಕಸ್ಥಾನದ ಪುನರ್ನಿರ್ಮಾಣದಲ್ಲಿ ರಚನೆಯು ಶಿಲ್ಪಿಗೆ ಸೇರಿದುದು. ಔಚಿತ್ಯದ ತೀರ್ಪು ಲೋಕಕ್ಕೆ ಸೇರಿದುದು. ಹೆಸರು ಮತ್ತು ಅವಶೇಷಗಳ ವಿಷಯದಲ್ಲಿ ಕೊನೆಯ ಮಾತು ಬಂಧುಗಳದು. ವ್ಯಾಪಾರಕ್ಕೂ ಅಲ್ಲಿ ಸ್ಥಾನವುಂಟು, ಆದರೆ ಅಂಗವಾಗಿ, ಅಂಗಿಯಾಗಿ ಅಲ್ಲ. ನ್ಯೂಯಾರ್ಕಿನಲ್ಲಿ ಈ ಮರ್ಯಾದೆಯು ಕೊಳಗಳ ಎರಡು ಎಕರೆಯಲ್ಲಿ ಉಳಿಯಿತು. ಉಳಿದ ನೆಲದಲ್ಲಿ ಬಹುಮಟ್ಟಿಗೆ ಗುತ್ತಿಗೆಪತ್ರವೇ ಕವಿಯಾಯಿತು. ಅಗ್ನಿಯಿಂದಲೋ, ಪ್ರವಾಹದಿಂದಲೋ, ಮನುಷ್ಯರ ಅಲಕ್ಷ್ಯದಿಂದಲೋ ಜನರು ಮಡಿದ ಸ್ಥಳಗಳು ನಮ್ಮ ಊರುಗಳಲ್ಲಿಯೂ ಇಲ್ಲದಿಲ್ಲ. ಅಲ್ಲಿ ಮುಂದೇನಾಗಬೇಕೆಂದು ನಿಶ್ಚಯಿಸುವವರು, ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ, ಅಲ್ಲಿ ಮಡಿದವರ ಹೆಸರುಗಳ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳುವುದು ಯುಕ್ತ.